ಗಡಿಮರದ ಜೇನು

"ಕಳ್ಳ ಸಿಕ್ಕಿದ ಮೇಲೂ ಬೊಡ್ಡೆ ಹತ್ರ ಏನು ನೋಡ್ತೀರಿ ಮೇಷ್ಟ್ರೇ? ಅದೇನು ಎದ್ದು ಸಾಕ್ಷಿ ಹೇಳುತ್ತಾ?" ಅಂಚೆಯಣ್ಣ ಕೇಳಿದ.

ಮೇಷ್ಟ್ರು ಬೊಡ್ಡೆಗೆ ಇನ್ನೊಂದು ಸುತ್ತು ಬಂದರು. ಊರಿನ ಒಗಟುಗಳನ್ನೆಲ್ಲ ಬಿಡಿಸುವ ಆ ಮುದುಕರ ಬೆನ್ನ ಹಿಂದೆ ಹತ್ತು ವರ್ಷ ತಿರುಗಿದ ಅಂಚೆಯಣ್ಣನಿಗೆ ಆ ಹುಡುಕಾಟ ಗೊತ್ತಿತ್ತು. ಮುತ್ತಜ್ಜಂದಿರು ಗಡಿಯ ಗುರುತು ಕೆತ್ತಿದ್ದ ಮರ ನಿನ್ನೆ ಉರುಳಿತ್ತು. ಗುರುತಿನ ತುಂಡು ಮಾಯವಾಗಿತ್ತು. ಅದಿಲ್ಲದೆ ಕಾಡು ಊರಿನದೆನ್ನಲು ಬೇರೆ ಪುರಾವೆಯಿಲ್ಲ, ಅದರ ಮೇಲೆ ಕಣ್ಣಿಟ್ಟಿದ್ದ ಮರದ ಕಂಟ್ರಾಕ್ಟರನ ಪಾಲಾದಂತೆಯೇ. ಬೊಡ್ಡೆಯ ಬಳಿ ಸಿಕ್ಕಿದ್ದು ಊರಿನ ಮರ ಕೊಯ್ಯುವವನ ಗರಗಸ. ಸಂಜೆಯೊಳಗೆ ಅವನನ್ನು ಹೆಂಡತಿ ಮಕ್ಕಳ ಸಮೇತ ಓಡಿಸಬೇಕೆಂದು ಊರೇ ಕುದಿಯುತ್ತಿತ್ತು.

"ಪೊಟರೆಯಲ್ಲಿ ಜೇನಿತ್ತಲ್ಲ?" ಎಂದರು ಮೇಷ್ಟ್ರು.

"ಈಗ ಒಂದು ಜೇನುಹುಟ್ಟೂ ಇಲ್ಲ. ಸತ್ತ ನೊಣವೂ ಇಲ್ಲ. ನಮ್ಮಕ್ಕನ್ನ ಕೇಳಿದ್ರೆ ಗೊತ್ತಾಗ್ತಿತ್ತು, ಊರಲ್ಲಿ ಜೇನು ಸಾಕೋಳು ಅವಳೊಬ್ಬಳೇ. ಪಾಪ, ಜ್ವರ. ನಿನ್ನೆ ಸಭೆಗೂ ಬರಲಿಲ್ಲ."

ಮೇಷ್ಟ್ರು ಅವನನ್ನೇ ಒಂದು ಗಳಿಗೆ ನೋಡಿ, ಬೆರಳೆತ್ತಿ ಮೇಲೆ ತೋರಿಸಿದರು. ಎರಡಾಳೆತ್ತರದಲ್ಲಿ, ಪೊಟರೆ ಇದ್ದ ಜಾಗದ ಬರೀ ಗಾಳಿಯಲ್ಲಿ, ಹತ್ತಾರು ನೊಣಗಳು ಸುತ್ತುತ್ತಿದ್ದವು, ಬೀಗ ಬಿದ್ದ ಮನೆಗೆ ಬಂದ ನೆಂಟರ ಹಾಗೆ.

ಸಂಜೆ ಶಾಲೆಯ ಜಗಲಿಯಲ್ಲಿ ಎಲ್ಲರೂ ಸೇರಿದರು. ಕಂಬಳಿ ಹೊದ್ದು ಅಕ್ಕನೂ ಬಂದಳು.

"ಗರಗಸ ಯಾರು ಬೇಕಾದ್ರೂ ಕದೀಬಹುದು," ಎಂದರು ಮೇಷ್ಟ್ರು. "ಒಂದು ನೊಣವೂ ಸಾಯದ ಹಾಗೆ ಗೂಡು ಎತ್ತೋಕೆ ಪಳಗಿದ ಕೈ ಬೇಕು. ನಮ್ಮ ಮರ ಕೊಯ್ಯೋನು ನೊಣ ಕಂಡ್ರೆ ಮೈಲಿ ಓಡ್ತಾನೆ."

ಒಬ್ಬಿಬ್ಬರು ನಕ್ಕರು.

"ನೊಣಗಳೆಲ್ಲ ಮನೆ ಸೇರೋವರೆಗೆ ಕಾದು, ಕತ್ತಲಾದ ಮೇಲೆ ಗೂಡು ಸಾಗಿಸಬೇಕು. ಮರ ಉರುಳಿಸಿದೋರಿಗೆ ಅಷ್ಟು ಹೊತ್ತಿರಲಿಲ್ಲ. ಕಾಡು ಉಳಿಸೋಕೆ ಅಂತ ನಿನ್ನೆ ಮಧ್ಯಾಹ್ನ ನಾವೆಲ್ಲ ಇಲ್ಲಿ ಕೂತಿದ್ದಾಗಲೇ ಕೆಲಸ ಮುಗೀಬೇಕಿತ್ತು. ಮೇಯೋಕೆ ಹೋದ ನೊಣಗಳು ಹಿಂದೆ ಉಳಿದ್ವು. ಜೇನು ಬಲ್ಲೋರು, ಸಭೆಗೆ ಬಾರದೋರು... ಯಾರು?"

ಅಂಚೆಯಣ್ಣ ಅಕ್ಕನ ಕಡೆ ತಿರುಗಿದ. "ಅಕ್ಕನಿಗೆ ಜ್ವರ" ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದವನು ಅವನೇ.

"ನನ್ನ ಬಾಯಲ್ಲೇ ಸುಳ್ಳು ಹೇಳಿಸಿದೆಯಲ್ಲ, ಅಕ್ಕಾ!"

"ಕಾಡಿನ ಕಾವಲು ಕೆಲಸ ನನಗೇ ಕೊಡಿಸ್ತೀನಿ ಅಂದ ಕಣೋ ಕಂಟ್ರಾಕ್ಟರ್," ಅಕ್ಕ ತಲೆ ತಗ್ಗಿಸಿದಳು. "ಕೊಯ್ದದ್ದು ಅವನ ಆಳುಗಳು. ಗರಗಸ ತಂದು ಕೊಟ್ಟೋಳು ನಾನು. ಜೇನು ಸಾಯಬಾರ್ದು ಅಂತ..."

"ನೊಣದ ಮೇಲಿದ್ದ ಮರುಕ ಈ ಮರ ಕೊಯ್ಯೋನ ಮಕ್ಕಳ ಮೇಲೆ ಇರಲಿಲ್ವಾ?" ಅಂಚೆಯಣ್ಣ ಕೇಳಿದ.

ಅಕ್ಕ ಹೊದ್ದಿದ್ದ ಕಂಬಳಿ ತೆಗೆದಿಟ್ಟಳು. ಆಮೇಲೆ, "ಗುರುತಿನ ತುಂಡು ಆ ಗೂಡಿಟ್ಟ ಹೊಸ ಜೇನುಪೆಟ್ಟಿಗೆ ಅಡಿಯಲ್ಲಿದೆ," ಎಂದಳು.

ಅಂಚೆಯಣ್ಣ ಆ ತುಂಡನ್ನು ಮರ ಕೊಯ್ಯುವವನ ಕೈಗಿಟ್ಟ. ಪೆಟ್ಟಿಗೆಯನ್ನು ತಾನೇ ಹೊತ್ತು, ಮೂರು ಕಡೆ ಕುಟುಕಿಸಿಕೊಂಡು, ಬೊಡ್ಡೆಯ ಮೇಲಿಟ್ಟು ಅದರ ಬಾಯಿ ತೆರೆದ. ಗಾಳಿಯಲ್ಲಿ ಸುತ್ತುತ್ತಿದ್ದ ನೊಣಗಳು ಒಂದೊಂದಾಗಿ ಕೆಳಗಿಳಿದವು.