ಬಾರ್ಲಿ ಎತ್ತಿದ ಕಾಲು

ಒಲೆಯ ಮೇಲೆ ಓಟ್ಸ್ ಗಂಜಿ ಕುದಿಯುತ್ತಿತ್ತು. ಸೌಟು ಆಡಿಸುತ್ತಿದ್ದ ನನ್ನ ಕೈ ಹಿತ್ತಲಿನ ಕೂಗಿಗೆ ನಿಂತಿತು.

"ಇವತ್ತೂ ಒಂದೂ ಮೊಟ್ಟೆ ಇಲ್ಲ!" ನನ್ನ ಗಂಡ ವೆಸ್ ಖಾಲಿ ಬುಟ್ಟಿ ಹಿಡಿದು ಬಂದ. "ಆ ನಾಯೀದೇ ಕೆಲಸ. ಮೊಟ್ಟೆ ರುಚಿ ಹತ್ತಿದ ನಾಯೀನ ಈ ವರ್ಮಾಂಟ್ ಹಳ್ಳೀಲಿ ಯಾರೂ ಇಟ್ಕೊಳ್ಳಲ್ಲ. ಶನಿವಾರ ಬಾರ್ಲೀನ ಸಾಗಹಾಕ್ತೀನಿ."

"ಸಾಕ್ಷಿ ಎಲ್ಲಪ್ಪಾ?" ಮಗಳು ಟಿಲ್ಡಾ ಅಡ್ಡ ಬಂದಳು.

"ನಿನ್ನ ಕ್ಯಾಮೆರಾನೇ ಸಾಕ್ಷಿ ಕಣೇ!"

ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗೆ ಅವಳೊಂದು ಕ್ಯಾಮೆರಾ ಜೋಡಿಸಿದ್ದಳು. ಕೋಳಿಮನೆಯ ಬಾಗಿಲಿಗೊಂದು ಸ್ವಿಚ್; ಬಾಗಿಲು ತೆರೆದರೆ ಚಿತ್ರ. ಇಂದಿನ ಚಿತ್ರದಲ್ಲಿದ್ದದ್ದು ಬಾರ್ಲಿ ಮಾತ್ರ.

"ನಾಯಿಗೆ ಬಯ್ಯಬೇಡ ಮಗನೇ," ಎಂದರು ಅತ್ತೆ, ದಿನದಂತೆ ಬಾರ್ಲಿಗೆ ಬ್ರೆಡ್ಡಿನ ಅಂಚು ಹಾಕಿ, ಮೇಜಿನ ಮೇಲೆ ಕಾಫಿ ಕಪ್ಪು ಜೋಡಿಸುತ್ತ. ನಾವು ನಾಲ್ವರು. ಅವರಿಟ್ಟದ್ದು ಐದು. ಎಂದಿನಂತೆ ನಾನು ಒಂದನ್ನು ಸದ್ದಿಲ್ಲದೆ ತೆಗೆದಿಟ್ಟೆ.

ಟಿಲ್ಡಾ ಚಿತ್ರದಿಂದ ಕಣ್ಣು ಕೀಳಲಿಲ್ಲ. ಆಮೇಲೆ ನಮ್ಮಿಬ್ಬರನ್ನೂ ಹೊರಗೆ ಕರೆದಳು.

"ಅಮ್ಮಾ, ಚಿಲಕ ತೆಗೆದೋರು ಯಾರು?"

"ನಿಮ್ಮಪ್ಪ ಹಾಕೋದು ಮರೆತಿರಬೇಕು."

"ಬಾಗಿಲು ಮೊದಲೇ ತೆರೆದಿದ್ರೆ ಚಿತ್ರಾನೇ ಬರ್ತಿರಲಿಲ್ಲ. ಯಾರೋ ತೆರೆದಿದ್ದಾರೆ."

"ಮತ್ತೆ ಚಿತ್ರದಲ್ಲಿ ಅವರ್ಯಾಕಿಲ್ಲ?" ವೆಸ್ ಕೇಳಿದ.

ಅವಳು ತಲೆ ತಗ್ಗಿಸಿದಳು. "ನಂದೇ ತಪ್ಪು. ಬ್ಯಾಟರಿ ಉಳೀಲಿ ಅಂತ ಬೋರ್ಡನ್ನ ಮಲಗಿಸಿಟ್ಟಿದ್ದೆ. ಅದು ಎದ್ದು ಕಣ್ಣು ಬಿಡೋಷ್ಟರಲ್ಲಿ ಬಂದೋರು ಕ್ಯಾಮೆರಾ ದಾಟಿ ಮುಂದೆ ಹೋಗಿರ್ತಾರೆ. ಅವರ ಹಿಂದಿಂದೇ ಹೋದ ಬಾರ್ಲಿ ಮಾತ್ರ ಸಿಕ್ಕಿಬಿದ್ದ. ಆದ್ರೆ ಅವನ ಕಾಲು ನೋಡಿ!"

ಚಿತ್ರದಲ್ಲಿ ಬಾರ್ಲಿ ಕುಳಿತಿತ್ತು. ಮುಂಗಾಲೊಂದನ್ನು ಎತ್ತಿ, ಅಂಚಿನಾಚೆ ಯಾರದೋ ಮುಖ ನೋಡುತ್ತಿತ್ತು. ಮೂವರೂ ನೋಡಿದ್ದ ಚಿತ್ರ. ಇದನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಬಾರ್ಲಿ ಕಾಲು ಕೊಡೋದು ಒಬ್ಬರಿಗೇ," ಎಂದಳು ಟಿಲ್ಡಾ. "ಬ್ರೆಡ್ಡಿನ ಅಂಚು ಹಾಕೋರಿಗೆ."

ವೆಸ್ ಅಡುಗೆಮನೆಯ ಕಿಟಕಿಯತ್ತ ತಿರುಗಿದ. "ನಮ್ಮಮ್ಮನಾ?"

"ಹಾಗಿದ್ರೆ ಮೊಟ್ಟೆ ಅಜ್ಜನ ಪೆಟ್ಟಿಗೇಲಿರಬೇಕು," ಎಂದು ಟಿಲ್ಡಾ ಅವನ ಕೈ ಹಿಡಿದು ರಸ್ತೆಬದಿಗೆ ಕರೆದೊಯ್ದಳು. ಅಲ್ಲಿತ್ತು, ಮಾವ ಓರಿನ್ ಮೊಟ್ಟೆ ಮಾರುತ್ತಿದ್ದ ಹಳೆಯ ಮರದ ಪೆಟ್ಟಿಗೆ. ಮುಚ್ಚಳ ಎತ್ತಿದರೆ, ಒರೆಸಿ ಸಾಲಾಗಿ ಜೋಡಿಸಿದ ಮೊಟ್ಟೆಗಳು. ನಿನ್ನೆ ಮೊನ್ನೆಯವನ್ನು ದಾರಿಹೋಕರು ಒಯ್ದಿರಬೇಕು.

"ಅಪ್ಪ ತೀರಿಕೊಂಡಾಗಲೇ ಇದನ್ನ ನಿಲ್ಲಿಸಿದ್ವಲ್ಲ..." ವೆಸ್ ಹಿಂದೆಯೇ ಬಂದಿದ್ದ ಬಾರ್ಲಿಯ ಕುತ್ತಿಗೆಗೆ ಮುಖ ಒತ್ತಿದ.

ಒಳಗೆ ಬಂದಾಗ ಐದನೆಯ ಕಪ್ಪು ಮತ್ತೆ ಮೇಜಿನ ಮೇಲಿತ್ತು.

"ಓರಿನ್ ಎಲ್ಲಿ? ಕಾಫಿ ಆರಿಹೋಗುತ್ತೆ," ಎಂದರು ಅತ್ತೆ.

ನನ್ನ ಕೈ ಅಭ್ಯಾಸದಂತೆ ಕಪ್ಪಿನತ್ತ ಹೋಯಿತು. ಟಿಲ್ಡಾ ತಡೆದಳು. ಅಜ್ಜಿಯ ಪಕ್ಕ ಕುಳಿತು, ಅವರ ಬೆರಳುಗಳನ್ನು ಹಿಡಿದು, ನಾವ್ಯಾರೂ ಬಾಯಿಬಿಟ್ಟು ಕೇಳದಿದ್ದುದನ್ನು ಮೆಲ್ಲಗೆ ಕೇಳಿದಳು:

"ಅಜ್ಜೀ, ಅಜ್ಜ ಎಲ್ಲಿದ್ದಾರೆ ಅಂತ ನಿಂಗೆ ನೆನಪಿದ್ಯಾ?"