ಎರ್ತೂಸ್ ಎಂಬ ದೇವರು

"ನಂದು ಮಾರ್ಸ್. ರೋಮ್‌ನವರ ಯುದ್ಧದ ದೇವರು," ಎಂದು ಕಣ್ಣನ್ ರಟ್ಟಿನ ಕತ್ತಿ ಬೀಸಿದ. "ರಮ್ಯಾದು ವೀನಸ್, ಚೆಲುವಿನ ದೇವಿ. ನಿನ್ನ ದೇವರು ಯಾರು?"

ಸಿಂಧುಜಾ ಉಗುರು ಕಚ್ಚಿದಳು. ಸೈನ್ಸ್ ಡೇಗೆ ಐದನೇ ಕ್ಲಾಸಿನ ಮಕ್ಕಳು ಒಂದೊಂದು ಗ್ರಹವಾಗಿ, ತಮ್ಮ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಿತ್ತು. ಅವಳಿಗೆ ಸಿಕ್ಕಿದ್ದು ಅರ್ತ್, ನಮ್ಮ ಭೂಮಿ. ಲೈಬ್ರರಿ ಪುಸ್ತಕದಲ್ಲಿ ಜುಪಿಟರ್‌ಗೆ ಸಿಡಿಲಿತ್ತು, ನೆಪ್ಚೂನ್‌ಗೆ ಕಡಲಿತ್ತು, ಯುರೇನಸ್ ಗ್ರೀಕರ ಆಕಾಶದೇವರು. ಅರ್ತ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಬರೀ ಮಣ್ಣು, ನೆಲ. ದೇವರೇ ಇಲ್ಲ.

"ಎರ್ತೂಸ್," ಎಂದುಬಿಟ್ಟಳು. "ಕಾಡೆಮ್ಮೆ ಮೇಲೆ ಕೂತು ಬರ್ತಾನೆ."

ಮಧ್ಯಾಹ್ನದೊಳಗೆ ಇಡೀ ಸ್ಕೂಲಿಗೆ ಎರ್ತೂಸ್ ಗೊತ್ತಾಗಿದ್ದ.

ಸಂಜೆ ಮನೆಯಲ್ಲಿ ಸಿಂಧುಜಾ ಓದಲು ಕೂತಳು, ಎದ್ದಳು. ಕಿಟಕಿ ತೆಗೆದಳು, ಮುಚ್ಚಿದಳು.

"ಚಳಿಗಾಳಿ ಒಳಗೆ ಬರುತ್ತೆ. ಒಂದು ಕಡೆ ಕೂರು, ಮಗಳೇ," ಎಂದಳು ಅವ್ವೆ.

"ಅವ್ವೆ, ಇಲ್ಲದ ದೇವರನ್ನ ಇದ್ದಾನೆ ಅಂದ್ರೆ?"

"ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ."

ಮರುದಿನ ಸೈನ್ಸ್ ಡೇ. ಕಣ್ಣನ್ ದೊಡ್ಡ ಚಾರ್ಟ್ ಬಿಡಿಸಿ ತೋರಿಸಿದ. ದಪ್ಪ ಕೋಡಿನ ಕಾಡೆಮ್ಮೆ, ಅದರ ಮೇಲೆ ಎರ್ತೂಸ್, ಕೈಯಲ್ಲಿ ಊರಿನ ಟೀ ಗಿಡದ ಕೊಂಬೆ. "ನಿನಗೇ ಬರೆದಿದ್ದು. ಇದನ್ನ ಬರೆಯೋದರಲ್ಲಿ ನನ್ನ ಗುರಾಣಿ ಮಾಡೋಕೆ ಟೈಮೇ ಸಿಗಲಿಲ್ಲ."

ಸಿಂಧುಜಾ ಚಾರ್ಟಿನ ಅಂಚು ಹಿಡಿದಳು. "ಎರ್ತೂಸ್ ಇಲ್ಲ, ಕಣ್ಣಾ. ನಾನೇ ಕಟ್ಟಿ ಹೇಳಿದ್ದು. ಸಾರಿ."

ಅವನು ಚಾರ್ಟನ್ನು ಮೆಲ್ಲಗೆ ಸುತ್ತಿಕೊಂಡು ಹೋಗಿಬಿಟ್ಟ.

ವೇದಿಕೆ ಹತ್ತುವ ಅವಳ ಸರದಿ ಬಂದಾಗ ಮುಂದೆ ಕೂತಿದ್ದ ಚಿಕ್ಕ ಮಕ್ಕಳು, "ಎರ್ತೂಸ್, ಎರ್ತೂಸ್," ಎಂದು ಪಿಸುಗುಟ್ಟಿದರು.

"ಎರ್ತೂಸ್ ಅಂತ ಯಾರೂ ಇಲ್ಲ," ಎಂದಳು ಸಿಂಧುಜಾ. "ನಾನು ಸುಳ್ಳು ಹೇಳಿದ್ದೆ. ಅರ್ತ್ ಅಂದ್ರೆ ಮಣ್ಣು."

ಯಾರೋ ನಕ್ಕರು. ವಸಂತಾಮಣಿ ಮಿಸ್ ನಗಲಿಲ್ಲ. "ಬೇರೆಯವಕ್ಕೆಲ್ಲ ದೇವರ ಹೆಸರು. ಇದಕ್ಕೆ ಮಾತ್ರ ಯಾಕಿಲ್ಲ?"

ಅದು ಪುಸ್ತಕದಲ್ಲಿರಲಿಲ್ಲ. ಸಿಂಧುಜಾ ಕಾಲು ಬದಲಿಸಿ ನಿಂತಳು, ಕೆಳಗೆ ನೋಡಿದಳು. "ಬೇರೆಯವೆಲ್ಲ ಮೇಲೆ ಹೊಳೀತಿದ್ವು, ಮಿಸ್. ಇದರ ಮೇಲೆ ಹೆಸರಿಟ್ಟವರೇ ನಿಂತಿದ್ರು. ಇದೂ ಒಂದು ಗ್ರಹ ಅಂತ ಆಗ ಅವರಿಗೆ ಗೊತ್ತಿರಲಿಲ್ಲ."

ಮುಂದಿನದು ಮಾರ್ಸ್. ಕಣ್ಣನ್ ಬರೀ ಕತ್ತಿ ಹಿಡಿದು ಹತ್ತಿದ. "ಮಾರ್ಸ್‌ಗೆ ಕತ್ತಿ, ಗುರಾಣಿ..." ಎಂದವನು ಖಾಲಿ ಕೈಯನ್ನು ಬೆನ್ನ ಹಿಂದೆ ಸರಿಸಿದ. ಅದನ್ನು ಸಿಂಧುಜಾ ಕಂಡಳು.

ಅವನು ಇಳಿದು ಬಂದು ಅವಳು ಕೂತಿದ್ದ ಬೆಂಚಿನ ಆ ತುದಿಯಲ್ಲಿ ಕೂತ. ಅವನ ತೋಳು ಹಿಡಿದೆಳೆದು ಏನಾದರೂ ಹೇಳಿಬಿಡಬೇಕೆಂದು ಅವಳ ಬಾಯಿ ತುಡಿಯಿತು. ಆದರೆ ಅವಳು ಸಾರಿ ಕೇಳಿಯಾಗಿತ್ತು; ಈಗ ಮಾತಾಡಬೇಕಾದವನು ಅವನು.

ಸಿಂಧುಜಾ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಾದಳು.