ಬೆಳ್ಳಯ್ಯ ಕೇಳಿದ ಕೆಂಡ

ಪರಮೇಶ ಗ್ಯಾಸ್ ಟಾರ್ಚಿನ ನೀಲಿ ಉರಿಯನ್ನು ಸೌದೆಗೆ ಹಿಡಿದೇ ಇದ್ದ. ಹೂಗ್ಯಂನ ಕಾಡಂಚಿನಲ್ಲಿ ಆಗತಾನೇ ಕತ್ತಲಿಳಿದಿತ್ತು. ಬೆಂಕಿ ಹತ್ತದಿದ್ದರೆ ಆನೆಗಳು ಅವನ ಜೋಳದ ಹೊಲಕ್ಕೆ ನುಗ್ಗುತ್ತವೆ.

“ಚಿಟಿಕೆ ಹೊಡೆಯೋದ್ರಲ್ಲಿ ಹತ್ತುತ್ತೆ ಅಂದಿದ್ದೆ?” ಎಂದೆ.

“ಸುಮ್ಕಿರ್ಲಾ, ಕೊಳ್ಳೇಗಾಲದ ಸಾಹೇಬ,” ಎಂದ ಪರಮೇಶ, ನನ್ನ ಮಾವನ ಮಗ.

ಕೊನೆಗೆ ಉರಿ ಎದ್ದಿತು. ಚಟಪಟ ಸದ್ದಿಲ್ಲ, ಹೊಗೆಯಿಲ್ಲ. ಕೈ ಚಾಚಿದರೆ ಬಾವಿಗೆ ಇಳಿಸಿದಂತೆ ತಣ್ಣಗಿತ್ತು.

ಇಲ್ಲಿ ಕಾವಲಿನವರು ಮೊದಲೆಲ್ಲ ಪಕ್ಕದ ಹೊಲದಿಂದ ಕೆಂಡ ತಂದು ಬೆಂಕಿ ಹಾಕುತ್ತಿದ್ದರು. ಪಕ್ಕದವನು ಕ್ಷೇಮವಾಗಿದ್ದಾನೆಂದು ಹಾಗೇ ತಿಳಿಯುತ್ತಿತ್ತು. ಟಾರ್ಚ್ ಬಂದಮೇಲೆ ಯಾರೂ ಹೋಗುತ್ತಿರಲಿಲ್ಲ. ಹಿಂದಿನ ವಾರ ಪಕ್ಕದ ಹೊಲದ ಬೆಳ್ಳಯ್ಯನನ್ನು ಆನೆ ತುಳಿದು ಕೊಂದದ್ದು ಗೊತ್ತಾದದ್ದೇ ಬೆಳಗಾದ ಮೇಲೆ.

“ಪರಮೇಶ, ಒಸಿ ಕೆಂಡ ಕೊಡ್ಲಾ.”

ಬೇಲಿಯಾಚೆ ಬೆಳ್ಳಯ್ಯ ನಿಂತಿದ್ದ. ಕೈಯಲ್ಲಿ ಒಡೆದ ಮಡಕೆಯ ಚೂರು. ನಮ್ಮ ಉರಿಯ ಬೆಳಕು ಬೇಲಿಯ ಒಂದೊಂದು ಮುಳ್ಳಿನ ಮೇಲೂ ಬಿದ್ದಿತ್ತು, ಅವನ ಮೇಲೆ ಮಾತ್ರ ಬಿದ್ದಿರಲಿಲ್ಲ.

ಪರಮೇಶ ಕೋಲಿನಿಂದ ಉರಿಯನ್ನು ಕೆದಕಿದ. ಸೌದೆ ಹಸಿಹಸಿಯಾಗಿಯೇ ಇತ್ತು. ಹುಡುಕಿದರೂ ಒಂದು ಕೆಂಡವಿಲ್ಲ. ಕಡೆಗೆ ಟಾರ್ಚನ್ನೇ ಮುಂದೆ ಚಾಚಿದ.

“ಇದ್ನೇ ತಕಂಡೋಗು ಬೆಳ್ಳಣ್ಣ. ನೀನೇ ಮಡಿಕೊ.”

ಬೆಳ್ಳಯ್ಯ ಬೇಲಿ ದಾಟಿ ಬಂದ. ಒಂದು ಮುಳ್ಳೂ ಅಲುಗಲಿಲ್ಲ. ನಮ್ಮಿಬ್ಬರ ನಡುವೆ ಕುಕ್ಕರಗಾಲಲ್ಲಿ ಕೂತು, ಚೂರನ್ನು ಉರಿಯ ಪಕ್ಕ ಇಟ್ಟ.

“ಅದು ಬ್ಯಾಡ ಕಣ್ಲಾ. ಕೆಂಡ ಆಗೋಗಂಟ ಇಲ್ಲೇ ಕೂತಿರ್ತೀನಿ.”